ಸ್ಕಲೋನಿ ಏನು ಮಾಡಿದ ಅಂತ ಕೇಳಿದೆಯಲ್ಲ, ಕೇಳು ಪುಟ್ಟಾ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. "ಮೆಸ್ಸಿ ಇದ್ದರೆ ಯಾರು ಕೋಚ್ ಆದರೂ ವರ್ಲ್ಡ್ ಕಪ್ ಬರುತ್ತಿತ್ತು, ಸ್ಕಲೋನಿ ಸುಮ್ನೆ ನಿಂತಿದ್ದ" ಅಂತ ಬರೆದಿದ್ದೀಯ. 2022ರಲ್ಲಿ ಕತಾರ್‌ನಲ್ಲಿ ವರ್ಲ್ಡ್ ಕಪ್ ಗೆದ್ದ ಅರ್ಜೆಂಟೀನಾ ತಂಡದ ಕೋಚ್ ಬಗ್ಗೆ ಹೀಗಾ ಹೇಳೋದು? ಇದು ಟೈಪ್ ಮಾಡಿ ಮುಗಿಯೋ ಮಾತಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದ್ದೇನೆ. ಪೂರ್ತಿ ಕೇಳು.

ಮೆಸ್ಸಿ 2010ರಲ್ಲೂ ಇದ್ದ, 2014ರಲ್ಲೂ ಇದ್ದ, 2018ರಲ್ಲೂ ಇದ್ದ. ಕಪ್ ಬಂತಾ? 2018ರಲ್ಲಿ ಫ್ರಾನ್ಸ್ ಕೈಲಿ 4-3ರಿಂದ ಸೋತ ಮೇಲೆ ಕೋಚ್ ಸಂಪಾವೊಲಿ ಹೋದ. ಅವನ ಸಹಾಯಕನಾಗಿದ್ದ ಸ್ಕಲೋನಿಗೆ ಸದ್ಯಕ್ಕೆ ನೀನು ನೋಡಿಕೋ ಅಂದರು. ಆಗ ಅವನಿಗೆ 40 ವರ್ಷ. ಯಾವ ದೊಡ್ಡ ಕ್ಲಬ್ಬಿಗೂ ಮುಖ್ಯ ಕೋಚ್ ಆಗಿದ್ದವನಲ್ಲ. ಮರಡೋನಾನೇ ಬಹಿರಂಗವಾಗಿ ಟೀಕಿಸಿದ.

ಆಟಗಾರನಾಗಿಯೂ ಅವನು ಸ್ಟಾರ್ ಅಲ್ಲ. ಅರ್ಜೆಂಟೀನಾದ ರೊಸಾರಿಯೊ ಹತ್ತಿರದ ಪುಜಾತೊ ಅನ್ನೋ ಸಣ್ಣ ಊರಿನವನು, ರೈಟ್ ಬ್ಯಾಕ್, ಅಂದರೆ ಬಲಗಡೆ ನಿಲ್ಲೋ ಡಿಫೆಂಡರ್. ಸ್ಪೇನಿನ ಡಿಪೋರ್ಟಿವೊ ಕ್ಲಬ್ ಜೊತೆ 2000ದಲ್ಲಿ ಲೀಗ್ ಗೆದ್ದ, ಅದು ದೊಡ್ಡ ಸಾಧನೆ. ಆದರೆ ಅರ್ಜೆಂಟೀನಾಗೆ ಆಡಿದ್ದು 7 ಪಂದ್ಯ ಅಷ್ಟೇ. 2006ರ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್ ಗೊತ್ತಲ್ವಾ? ಆಗ ಇವನು ಆಡುತ್ತಿದ್ದ ವೆಸ್ಟ್ ಹ್ಯಾಮ್ ಲಿವರ್‌ಪೂಲ್ ಎದುರು 3-2 ಮುಂದಿತ್ತು, ಟೈಮ್ ಮುಗಿಯುತ್ತಾ ಬಂದಿತ್ತು. ಲಿವರ್‌ಪೂಲ್ ಆಟಗಾರನೊಬ್ಬ ಬಿದ್ದಿದ್ದಾನೆ ಅಂತ ಸ್ಕಲೋನಿ ಚೆಂಡನ್ನು ಹೊರಗೆ ಹೊಡೆದ. ಅವರು ವಾಪಸ್ ಕೊಟ್ಟಾಗ ಇವನ ಕ್ಲಿಯರೆನ್ಸ್ ಸರಿಯಾಗಿ ಹೋಗಲಿಲ್ಲ. ಕೊನೆಗೆ ಚೆಂಡು ಲಿವರ್‌ಪೂಲ್‌ನ ಜೆರಾರ್ಡ್ ಕಾಲಿಗೆ ಸಿಕ್ಕಿತು, ದೂರದಿಂದ ಒಂದೇ ಏಟು, 3-3. ಪೆನಾಲ್ಟಿಯಲ್ಲಿ ಸೋತರು. ನನಗೆ ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಈಗ ಕತಾರ್‌ಗೆ ಬಾ. 36 ಪಂದ್ಯ ಸೋಲದೆ ಬಂದ ತಂಡ ಮೊದಲ ಪಂದ್ಯದಲ್ಲೇ ಸೌದಿಗೆ ಸೋತಿತು. ಬೇರೆ ಕೋಚ್ ಆಗಿದ್ದರೆ ಹಳಬರನ್ನೇ ನಂಬಿಕೊಂಡು ಕೂರುತ್ತಿದ್ದ ಅನ್ಸುತ್ತೆ. ಇವನು ಮುಂದಿನ ಪಂದ್ಯಕ್ಕೆ ಐದು ಜನರನ್ನು ಬದಲಾಯಿಸಿದ. ಪೋಲೆಂಡ್ ಎದುರು ಆಡೋ ಹೊತ್ತಿಗೆ ಮ್ಯಾಕ್ ಅಲಿಸ್ಟರ್, ಎಂಜೊ ಫರ್ನಾಂಡಿಸ್, ಹುಲಿಯಾನ್ ಆಲ್ವಾರೆಸ್ ಮೂವರೂ ಮೊದಲ ಹನ್ನೊಂದರಲ್ಲಿದ್ದರು. ಒಬ್ಬನಿಗೂ 24 ತುಂಬಿರಲಿಲ್ಲ! ಲೌತಾರೊ ಮಾರ್ಟಿನೆಜ್‌ನಂಥ ಫಾರ್ವರ್ಡ್ ಬೆಂಚಿಗೆ ಹೋದ. ಅದಕ್ಕೆ ಎಷ್ಟು ಗುಂಡಿಗೆ ಬೇಕು ಹೇಳು.

ಫೈನಲ್‌ನಲ್ಲಿ ಇನ್ನೊಂದು. ಡಿ ಮರಿಯಾ ಅಲ್ಲಿಯವರೆಗೆ ನಾಕೌಟ್‌ನಲ್ಲಿ ಒಂದೂ ಪಂದ್ಯ ಶುರುವಿನಿಂದ ಆಡಿರಲಿಲ್ಲ. ಅವನನ್ನು ಕರೆದು ಎಡಗಡೆ ನಿಲ್ಲಿಸಿದ. ಫ್ರಾನ್ಸ್ ಇದಕ್ಕೆ ರೆಡಿನೇ ಇರಲಿಲ್ಲ. ಮೊದಲ ಪೆನಾಲ್ಟಿ ಸಿಕ್ಕಿದ್ದು ಅವನನ್ನು ಬೀಳಿಸಿದ್ದಕ್ಕೆ. 36ನೇ ನಿಮಿಷದ ಗೋಲ್ ನೋಡು: ಮೆಸ್ಸಿ ಒಂದು ಚಿಕ್ಕ ಟಚ್, ಆಲ್ವಾರೆಸ್ ಮುಂದಕ್ಕೆ, ಮ್ಯಾಕ್ ಅಲಿಸ್ಟರ್ ಓಡುತ್ತಾ ಅಡ್ಡ ಕೊಟ್ಟ, ಎಡಗಡೆ ಡಿ ಮರಿಯಾ ಒಬ್ಬನೇ. ಮೆಸ್ಸಿ ಇದ್ದ, ಹೌದು. ಉಳಿದ ಮೂವರನ್ನು ಅಲ್ಲಿಗೆ ತಂದವನು ಯಾರು?

ಅದಕ್ಕೂ ಮುಂಚೆ 2021ರಲ್ಲಿ ದಕ್ಷಿಣ ಅಮೆರಿಕಾದ ಕೋಪಾ ಕಪ್ ಬಂತು, ಬ್ರೆಜಿಲ್‌ನ ಮರಕಾನಾ ಸ್ಟೇಡಿಯಂನಲ್ಲಿ ಬ್ರೆಜಿಲ್ ಎದುರೇ, 28 ವರ್ಷದ ಮೇಲೆ ದೊಡ್ಡ ಕಪ್. ಆಮೇಲೆ 2024ರ ಕೋಪಾ ಫೈನಲ್. ಗಾಯ ಆಗಿ ಮೆಸ್ಸಿ ಹೊರಗೆ ಕೂತು ಅಳುತ್ತಿದ್ದ. ಹೆಚ್ಚುವರಿ ಸಮಯದಲ್ಲಿ ಬದಲಿಯಾಗಿ ಬಂದವನು 112ನೇ ನಿಮಿಷಕ್ಕೆ ಗೋಲ್ ಹೊಡೆದು ಕೊಲಂಬಿಯಾನ ಸೋಲಿಸಿದ. ಯಾರು ಗೊತ್ತಾ? ಕತಾರ್‌ನಲ್ಲಿ ಬೆಂಚಿಗೆ ಹೋಗಿದ್ದ ಅದೇ ಲೌತಾರೊ.

ಇವತ್ತು ಟೈಮ್ ಸಿಕ್ಕರೆ ಕತಾರ್ ಫೈನಲ್‌ನ ಮೊದಲರ್ಧ ಹಾಕಿ, ಎಡಗಡೆಯನ್ನೇ ನೋಡು. ಆಮೇಲೆ ಗ್ರೂಪಲ್ಲಿ ಬರೆ.