ಸಿಬೆಲಿಯಸ್ ಐದನೇ ಸಿಂಫನಿ: ಕೊನೇಲಿ ಕರೆಂಟ್ ಹೋಯ್ತು ಅಂದ್ಕೊಂಡೆ

ಕಾಪಿತೋಟ:
ನಮ್ಮನೆ ಮಡಿಕೇರಿ ಹತ್ರ, ಈ ಮಳೇಲಿ ಇಲ್ಲಿ ಕರೆಂಟಿನ ಕತೆ ನಿಮ್ಗೆ ಗೊತ್ತೇ ಇದೆ. ನಿನ್ನೆ ರಾತ್ರಿ ಲೈಟ್ ಆರಿಸಿ ಫಿನ್ಲೆಂಡಿನ ಸಿಬೆಲಿಯಸ್ ಆರ್ಕೆಸ್ಟ್ರಾಗೆ ಬರ್ದಿರೋ ಐದನೇ ಸಿಂಫನಿ ಹಾಕ್ಕೊಂಡು ಕೂತಿದ್ದೆ, ಕೊನೆ ಭಾಗದಲ್ಲಿ ಊದೋ ವಾದ್ಯ ಹಾರ್ನ್‌ಗಳೆಲ್ಲ ಉಯ್ಯಾಲೆ ತೂಗಿದ ಹಾಗೆ ತೂಗ್ತಾ ತೂಗ್ತಾ ಏರಿ ಇನ್ನೇನು ಮುಗೀತು ಅನ್ನೋವಾಗ ಧಡ್ ಅಂತ ಒಂದು ಹೊಡ್ತ, ಆಮೇಲೆ ಪೂರ್ತಿ ಸೈಲೆಂಟ್. ಹೋಯ್ತಪ್ಪ ಅಂತ ಟಾರ್ಚ್ ತಡಕಾಡ್ತಿದ್ರೆ ಮತ್ತೆ ಧಡ್! ಹೀಗೆ ಒಟ್ಟು ಆರು ಸಲ. ಇದು ರೆಕಾರ್ಡಿಂಗ್ ಪ್ರಾಬ್ಲಮ್ಮಾ, ಬರ್ದಿರೋದೇ ಹೀಗಾ? ಈ ಥರ ಕೊನೆ ಇರೋದು ಇನ್ನೂ ಯಾವ್ದಿದೆ ಹೇಳಿ. 1812 ಓವರ್ಚರ್ ಮಾತ್ರ ಬೇಡ, ಅದರ ಫಿರಂಗಿ ಸದ್ದಿಗೆ ನಮ್ಮ ನಾಯಿ ಮಂಚದಡಿ ಸೇರ್ಕೊಳ್ಳುತ್ತೆ.

ಮಂಗಟ್ಟೆಹಕ್ಕಿ:
ಬರ್ದಿರೋದೇ ಹಾಗೆ ಮಾರಾಯ್ರೆ 😄 1915ರ ಮೊದಲ ರೂಪದಲ್ಲಿ ಆ ಸಂದಿನಲ್ಲಿ ತಂತಿವಾದ್ಯ ನುಡೀತಾನೇ ಇತ್ತು, ಮತ್ತೆ ಮತ್ತೆ ತಿದ್ದಿ 1919ರಲ್ಲಿ ಅದನ್ನ ಕಿತ್ತುಹಾಕಿ ಬರೀ ಮೌನ ಬಿಟ್ಟ. ಹಾಲ್‌ನಲ್ಲಾದ್ರೆ ಯಾರೋ ಒಬ್ಬ ಮಧ್ಯದಲ್ಲೇ ಚಪ್ಪಾಳೆ ಹೊಡ್ದು ಪೆಚ್ಚಾಗೋದು ಇದ್ದಿದ್ದೇ. ಆ ಹಾರ್ನ್ ರಾಗಕ್ಕೂ ಅವ್ನು ನೋಡಿದ ಹಂಸಗಳಿಗೂ ನಂಟಿದೆ, ಒಂದಿನ 16 ಹಂಸ ಹಾರಿದ್ದು ನೋಡಿ ಡೈರೀಲಿ ಬರ್ಕೊಂಡಿದ್ದ. ನಂಗೆ ತೋಟದ ಮೇಲೆ ಮಂಗಟ್ಟೆ ಜೋಡಿ ಬುಸ್ ಬುಸ್ ಅಂತ ರೆಕ್ಕೆ ಬಡ್ಕೊಂಡು ಹೋದಾಗೆಲ್ಲ ಅದೇ ರಾಗ ತಲೇಲಿ ಬರುತ್ತೆ.

ದುಡಿಕೊಟ್ಟ್:
ಮಾಹ್ಲರ್ ಬರ್ದ ಆರನೇ ಸಿಂಫನಿ ಕೇಳಿ. ದೊಡ್ಡ ಮರದ ಸುತ್ತಿಗೇಲಿ ಗುದ್ದೋದೇ ಅವ್ನು ಬರ್ದ ಸ್ವರಲಿಪಿ, ಅಂದ್ರೆ ಸ್ಕೋರ್‌ನಲ್ಲಿದೆ, ಮೂರು ಏಟು ಬರ್ದು ಆಮೇಲೆ ಮೂರನೇದನ್ನ ತೆಗೆದ. ಕೊನೇಲಿ ಎಲ್ಲ ತಗ್ಗಿ ತಗ್ಗಿ ಕೇಳಿಸ್ತಾ ಇದ್ಯೋ ಇಲ್ವೋ ಅನ್ನೋ ಹಂತಕ್ಕೆ ಬರುತ್ತೆ. ಆಗ ದಯವಿಟ್ಟು ವಾಲ್ಯೂಮ್ ಏರಿಸ್ಬೇಡಿ, ಅಷ್ಟೇ ಹೇಳೋದು.

ಪೇಟೆಹುಡ್ಗ:
ಗಲಾಟೆ ಮಾಡಿದ್ರೇನೇ ಡ್ರಾಮಾನಾ? ಅದಕ್ಕೆ ದಸರಾ ದಶಮಂಟಪದ ಸ್ಪೀಕರ್ ಸಾಕಲ್ವಾ. ಚೈಕೋವ್‌ಸ್ಕಿ ಆರನೇದ್ರಲ್ಲಿ ಮೂರನೇ ಭಾಗ ಎಷ್ಟು ಜೋರಾಗಿ ಮುಗಿಯುತ್ತೆ ಅಂದ್ರೆ ಜನ ಅದೇ ಕೊನೆ ಅಂತ ಚಪ್ಪಾಳೆ ಹೊಡೀತಾರೆ, ನಿಜವಾದ ಕೊನೆ ಚೆಲ್ಲೋ, ಬೇಸ್ ಅನ್ನೋ ತಗ್ಗುದನಿ ತಂತಿವಾದ್ಯಗಳ ಒಳಗೇ ನಂದಿಹೋಗುತ್ತೆ. 1893ರಲ್ಲಿ ಅವ್ನೇ ನಿಂತು ಅದನ್ನ ನಡೆಸಿಕೊಟ್ಟ ಒಂಬತ್ತೇ ದಿನಕ್ಕೆ ತೀರಿಕೊಂಡ. ಇನ್ನು ಹೈಡನ್ 45ನೇ ಸಿಂಫನಿ, 1772. ದೊರೆ ನಮ್ಮನ್ನ ಮನೆಗೆ ಬಿಡ್ತಿಲ್ಲ ಅಂತ ವಾದ್ಯದವ್ರು ಒಬ್ಬೊಬ್ರೇ ಮೋಂಬತ್ತಿ ಆರಿಸಿ ಎದ್ದು ಹೋಗ್ತಾರೆ, ಕೊನೆಗೆ ಉಳಿಯೋದು ಎರಡೇ ವಯಲಿನ್. ಮದುವೆ ಮನೇಲಿ ವಾಲಗದವ್ರು ಹೀಗೆ ಎದ್ದೋದ್ರೆ ಊಟಕ್ಕೆ ಅಂದ್ಕೊಳ್ತೀವಿ.

ಕಾಪಿತೋಟ:
ಥ್ಯಾಂಕ್ಸ್ ಎಲ್ರಿಗೂ. ಮಾಹ್ಲರ್ ಹಾಕ್ದೆ. ಎರಡನೇ ಸುತ್ತಿಗೆ ಏಟಿಗೆ ಸರಿಯಾಗಿ ನಿಜವಾಗ್ಲೂ ಕರೆಂಟ್ ಹೋಯ್ತು, ಇನ್ನೂ ಬಂದಿಲ್ಲ.