ಪದಚರ್ಚೆ: ‘ಟೈಪ್ ಸ್ಪೆಸಿಮೆನ್’ ಅನ್ನು ‘ಮಾದರಿ’ ಅಂದರೆ ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದದ ಹಿಂದೆ ಬಿದ್ದಿದ್ದೇನೆ. ಒಬ್ಬನೇ ತಲೆ ಕೆಡಿಸಿಕೊಳ್ಳುವ ಬದಲು ಬಳಗದಲ್ಲಿ ಕೇಳಿಬಿಡೋಣ ಅನ್ನಿಸಿತು.

ನಮ್ಮ ಕಡೆಯ ಕಾಲೇಜೊಂದರ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಗಿಡಗಳ ಪ್ರದರ್ಶನ ನಡೆಯುತ್ತದೆ. ಕನ್ನಡ ಲೇಬಲ್ ಬರೆಯುವ ಕೆಲಸ ನನ್ನದು. ಅಲ್ಲಿರುವ ಒಂದೇ ಒಂದು ಟೈಪ್ ಹಾಳೆಗೆ (ಒಂದು ಜಾತಿಯ ಹೆಸರನ್ನು ಯಾವ ಗಿಡಕ್ಕೆ ಕಟ್ಟಿಹಾಕಿದ್ದಾರೋ ಆ ಗಿಡ ಅಂಟಿಸಿದ ಹಾಳೆ) ಹೋದ ವರ್ಷ ‘ಮಾದರಿ ಸಸ್ಯ’ ಎಂದು ಬರೆದಿದ್ದೆ. ನೋಡಲು ಬಂದ ಅಮ್ಮನೊಬ್ಬರು ಕನ್ನಡಕ ಏರಿಸಿಕೊಂಡು ಬಗ್ಗಿದರು. “ಮಾದರಿ ಅಂದ್ರೆ ಇದು ಪ್ಲಾಸ್ಟಿಕ್ಕಿಂದಾ?” ಅಂದರು. ಇಲ್ಲಮ್ಮ, ನಿಜವಾದ ಗಿಡವೇ ಅಂದೆ. ಜೊತೆಗಿದ್ದ ಮೊಮ್ಮಗ, “ಹಾಗಾದ್ರೆ ಈ ಜಾತಿ ಗಿಡ ಎಲ್ಲಾ ಹೀಗೇ ಇರುತ್ತಾ?” ಅಂದ. ಅವನಿಗೆ ಉತ್ತರ ಹೇಳಲು ಹೋದಾಗಲೇ ನನ್ನ ಪದ ಕೈಕೊಟ್ಟಿದ್ದು ತಿಳಿಯಿತು.

ಯಾಕೆ ಅಂದರೆ, ಹೀಗೇ ಇರಬೇಕಾಗಿಲ್ಲ. ಸಸ್ಯಗಳ ಹೆಸರಿನ ಅಂತರರಾಷ್ಟ್ರೀಯ ನಿಯಮಾವಳಿಯೇ ಇದನ್ನು ಬಿಡಿಸಿ ಹೇಳುತ್ತದೆ. ಟೈಪ್ ಅನ್ನುವುದು ಆ ಜಾತಿಯ ಚೆಂದದ ಪ್ರತಿನಿಧಿ ಆಗಿರಲೇಬೇಕು ಅಂತ ಇಲ್ಲ. ಬಡಕಲು ಗಿಡ ಆಗಬಹುದು. ಹುಳ ತಿಂದ ಎಲೆ ಆಗಬಹುದು. ಅದರ ಕೆಲಸ ಒಂದೇ, ಹೆಸರನ್ನು ಹಿಡಿದಿಟ್ಟುಕೊಳ್ಳುವುದು. ನಾಳೆ ಯಾರೋ ಒಂದು ಜಾತಿಯನ್ನು ಎರಡು ಮಾಡಿದರು ಅನ್ನಿ. ಹಳೇ ಹೆಸರು ಯಾವ ಪಾಲಿಗೆ? ಆ ಹಾಳೆಯ ಗಿಡ ಯಾವ ಪಾಲಿಗೆ ಸೇರುತ್ತದೋ ಅದಕ್ಕೆ. ಇನ್ನೊಂದು ಪಾಲು ಬೇರೆ ಹೆಸರು ಹುಡುಕಿಕೊಳ್ಳಬೇಕು.

ಆಧಾರ್ ಕಾರ್ಡಿನ ಫೋಟೋ ನೆನಪಿಸಿಕೊಳ್ಳಿ. ನಮ್ಮ ಮುಖಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೂ ನಮ್ಮ ಹೆಸರು ಅಂಟಿಕೊಂಡಿರುವುದು ಅದಕ್ಕೇ ಅಲ್ವಾ!

‘ಮಾದರಿ’ಗೆ ಕನ್ನಡದಲ್ಲಿ ಈಗಾಗಲೇ ಕೆಲಸ ಜಾಸ್ತಿ. ನೀರಿನ ಮಾದರಿ ಲ್ಯಾಬಿಗೆ ಹೋಗುತ್ತದೆ. ಮಾದರಿ ಶಾಲೆ ಬೇರೆ ಶಾಲೆಗಳಿಗೆ ಮೇಲ್ಪಂಕ್ತಿ. ಮಾದರಿ ಪ್ರಶ್ನೆಪತ್ರಿಕೆ ನಿಜವಾದ ಪ್ರಶ್ನೆಪತ್ರಿಕೆ ಅಲ್ಲವೇ ಅಲ್ಲ. ಈ ಮೂರು ಅರ್ಥದಲ್ಲಿ ಯಾವುದನ್ನು ಹಿಡಿದರೂ ಟೈಪ್ ಹಾಳೆಗೆ ಹೊಂದುವುದಿಲ್ಲ. ಹೋಗಲಿ, ‘ಟೈಪ್’ ಅಂತಲೇ ಇಟ್ಟುಕೊಳ್ಳೋಣ ಅಂದರೆ “ಅವನು ಒಂಥರಾ ಟೈಪು” ಅನ್ನುವ ಮಾತು ಅಡ್ಡ ಬರುತ್ತದೆ. ‘ಟೈಪ್ ಗಿಡ’ ಅಂದಾಗ “ಯಾವ ಟೈಪ್?” ಅಂತ ಕೇಳಿದವರು ಇದ್ದಾರೆ.

ಗೆಳೆಯರೊಬ್ಬರು ‘ಬಾಂದುಕಲ್ಲು’ ಅಂದರು. ಕೇಳಲು ಸೊಗಸಾಗಿದೆ. ಆದರೆ ಬಾಂದುಕಲ್ಲು ಹೊಲದ ಅಂಚು ತೋರಿಸುತ್ತದೆ. ಟೈಪ್ ಅಂಚಿನ ಬಗ್ಗೆ ಏನೂ ಹೇಳುವುದಿಲ್ಲ. ನನಗೆ ಹೊಳೆದದ್ದು ‘ಗೂಟ’. ಗೂಟಕ್ಕೆ ಕಟ್ಟಿದ ಹಸು ಹಗ್ಗ ಎಷ್ಟಿದೆಯೋ ಅಷ್ಟು ದೂರ ಮೇಯುತ್ತದೆ. ಹಗ್ಗ ಉದ್ದ ಮಾಡಬೇಕೋ ಗಿಡ್ಡ ಮಾಡಬೇಕೋ ಅನ್ನುವುದು ಆಯಾ ಕಾಲದ ಸಸ್ಯಶಾಸ್ತ್ರಜ್ಞರ ತೀರ್ಮಾನ. ಗೂಟ ಮಾತ್ರ ಅಲ್ಲೇ ಇರುತ್ತದೆ. ಅರ್ಥ ಸರಿಯಾಗಿ ಕೂರುತ್ತದೆ. ಆದರೆ ‘ಹೆಸರುಗೂಟ’ ಅಂತ ಲೇಬಲ್ ಹಾಕಿದರೆ ಜನಕ್ಕೆ ಗೂಟದ ಕಾರು ನೆನಪಾಗದೆ ಇರುತ್ತದಾ?

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಅದು ‘ಲೆಕ್ಟೊಟೈಪ್’. ಹೊಸ ಜಾತಿಗೆ ಹೆಸರಿಡುವವರು ಟೈಪ್ ಯಾವುದೆಂದು ಹೇಳಲೇಬೇಕು ಅನ್ನುವ ನಿಯಮ ಜಾರಿಗೆ ಬಂದದ್ದು 1958ರ ಜನವರಿ 1ರಿಂದ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಸಾವಿರಾರು ಗಿಡಗಳಿಗೆ ಹೆಸರಿಟ್ಟಾಗ ಈ ಯೋಚನೆಯೇ ಇರಲಿಲ್ಲ. ಅವರ ಮೇಜಿನ ಮೇಲೆ ನಾಲ್ಕು ಹಾಳೆ, ಎರಡು ಪುಸ್ತಕದ ಚಿತ್ರ ಇದ್ದಿರಬಹುದು. ಹೆಸರು ಒಂದೇ. ಆ ಆರರಲ್ಲಿ ಎರಡು ಬೇರೆ ಬೇರೆ ಜಾತಿಗಳು ಸೇರಿಕೊಂಡಿದ್ದರೆ? ಆಗ ಈಗಿನವರು ಕೂತು, ಲೇಖಕರು ನೋಡಿದ್ದ ಸಾಮಗ್ರಿಯಲ್ಲೇ ಒಂದನ್ನು ಆರಿಸಿ, ಹೆಸರು ಇದಕ್ಕೆ ಸೇರಿದ್ದು ಅನ್ನಬೇಕು. ಅದೇ ಲೆಕ್ಟೊಟೈಪ್. ನಿಯಮದ ಪ್ರಕಾರ ಮೊದಲು ಆರಿಸಿದವರ ಮಾತೇ ನಡೆಯುತ್ತದೆ. ಅದರಲ್ಲಿ ದೊಡ್ಡ ದೋಷ ಇದ್ದರೆ ಮಾತ್ರ ಬದಲಾಯಿಸಬಹುದು. ಇನ್ನೂ ಚೆನ್ನಾಗಿರುವ ಹಾಳೆ ಸಿಕ್ಕಿತು ಅನ್ನುವುದು ಕಾರಣ ಆಗುವುದಿಲ್ಲ.

ಗಿಡವೇ ಆಗಬೇಕು ಅಂತಲೂ ಇಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಗಿಡಗಳ ಬಗೆಗಿನ ‘ಹೋರ್ಟಸ್ ಮಲಬಾರಿಕಸ್’ ಪುಸ್ತಕದ ಚಿತ್ರಗಳೇ ಲಿನೇಯಸ್ ಇಟ್ಟ ಹಲವು ಹೆಸರುಗಳಿಗೆ ಟೈಪ್ ಆಗಿವೆ. ಅಲ್ಲಿ ಹೆಸರನ್ನು ಹಿಡಿದಿಟ್ಟಿರುವುದು ಬರೀ ಗೆರೆ.

ಹಳೇ ಹಾಳೆಗಳಲ್ಲಿ ಆರಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಲೇಬಲ್ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಹೂಕರ್ ಮತ್ತು ಥಾಮ್ಸನ್ ಎಂಬ ಬ್ರಿಟಿಷ್ ಸಸ್ಯಶಾಸ್ತ್ರಜ್ಞರು ಭಾರತದ ಗಿಡಗಳನ್ನು ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚಿದರು. ಪಡುವಣ ಕರಾವಳಿಯ ಗಿಡಗಳ ಮೇಲೆ ಅಚ್ಚು ಹಾಕಿದ ಚೀಟಿ ಇರುತ್ತದೆ. ಸ್ಥಳ: ಮಲಬಾರ್, ಕೊಂಕಣ, ಇತ್ಯಾದಿ. ಸಂಗ್ರಹಿಸಿದವರು: ಸ್ಟಾಕ್ಸ್, ಲಾ, ಇತ್ಯಾದಿ. ಸ್ಕ್ಯಾನ್ ಮಾಡಿದ ಚಿತ್ರ ನೋಡುತ್ತಾ ನಾನು ನಕ್ಕುಬಿಟ್ಟೆ. ಊರೂ ಇತ್ಯಾದಿ, ಆಸಾಮಿಯೂ ಇತ್ಯಾದಿ! ಆ ಇತ್ಯಾದಿಯೊಳಗೆ ನಮ್ಮ ಕೆನರಾ ಇದೆಯೋ ಇಲ್ಲವೋ ಹೇಗೆ ಹೇಳುವುದು? ಹೀಗಿರುವಾಗ ಕೈಬರಹ, ಕಾಗದ, ಪುಸ್ತಕದ ವಿವರಣೆ ಎಲ್ಲ ತಾಳೆ ಹಾಕಿ, ಲೇಖಕರು ನೋಡಿದ ಹಾಳೆ ಇದೇ ಅನ್ನಬೇಕು. ಓಲೆಗರಿ ಸಂಪಾದನೆ ಮಾಡಿದವರಿಗೆ ಇದು ಹೊಸದಲ್ಲ. ಒಂದು ವ್ಯತ್ಯಾಸ ಇದೆ. ಸಂಪಾದಕರು ಶುದ್ಧ ಪಾಠ ಇರುವ ಓಲೆಯನ್ನು ಆಧಾರ ಪ್ರತಿ ಮಾಡಿಕೊಳ್ಳಬಹುದು. ಇಲ್ಲಿ ಎಷ್ಟೇ ಚೆಂದದ ಹಾಳೆ ಇದ್ದರೂ ಲೇಖಕರು ಅದನ್ನು ಬಳಸಿರದಿದ್ದರೆ ಆರಿಸುವ ಹಾಗಿಲ್ಲ.

ಹಾಗಾದರೆ ಈ ಆರಿಸುವ ಕೆಲಸಕ್ಕೆ ಯಾವ ಕ್ರಿಯಾಪದ? ‘ಆಯ್ದ’ ಅಂದರೆ ಆಯ್ದ ಕವಿತೆಗಳು ನೆನಪಿಗೆ ಬರುತ್ತವೆ, ಒಳ್ಳೆಯದನ್ನೇ ಆಯ್ದ ಹಾಗೆ. ‘ಆರಿಸು’ ಇನ್ನೂ ತಮಾಷೆ. ಅಕ್ಕಿ ಆರಿಸುವಾಗ ಕೈಗೆ ಸಿಗುವುದು ಕಲ್ಲು. ಕರಾವಳಿಯ ‘ಹೆಕ್ಕು’ ನನಗೆ ಇಷ್ಟ, ಆದರೆ ಅದು ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಳ್ಳುವುದು. ನನ್ನ ಒಲವು ‘ಗೊತ್ತುಪಡಿಸು’ ಕಡೆಗೆ. “ಹುಡುಗಿ ಗೊತ್ತಾಯಿತು” ಅನ್ನುತ್ತೇವಲ್ಲ, ಅಲ್ಲಿ ‘ತಿಳಿಯಿತು’ ಅನ್ನುವ ಅರ್ಥ ಇಲ್ಲ. ಮಾತು ಮುಗಿಯಿತು, ಇನ್ನು ಹಿಂದೆ ಸರಿಯುವ ಹಾಗಿಲ್ಲ ಅಂತ. ಲೆಕ್ಟೊಟೈಪ್‌ಗೆ ಬೇಕಾದದ್ದು ಆ ಬಿಗಿಯೇ.

ಇದು ಬರೀ ಲೇಬಲ್ಲಿನ ಮಾತೂ ಅಲ್ಲ. 2001ರ ಜನವರಿ 1ರಿಂದ ಈಚೆಗೆ, ‘ಇಲ್ಲಿ ಗೊತ್ತುಪಡಿಸಿದೆ’ ಅನ್ನುವ ಅರ್ಥದ ಮಾತು ಪ್ರಬಂಧದಲ್ಲಿ ಇಲ್ಲದಿದ್ದರೆ ಲೆಕ್ಟೊಟೈಪ್ ಆರಿಸಿದ್ದೇ ಲೆಕ್ಕಕ್ಕಿಲ್ಲ. ಲ್ಯಾಟಿನ್‌ನ ‘ಲೆಕ್ಟೊಟೈಪಸ್’ ಬದಲು ಈಗಿನ ಯಾವುದೇ ಭಾಷೆಯ ಸಮಾನ ಪದ ಬಳಸಬಹುದು ಅಂತಲೂ ನಿಯಮ ಒಪ್ಪುತ್ತದೆ. ಯಾವುದೇ ಭಾಷೆ ಅಂದಮೇಲೆ ಕನ್ನಡವೂ ಬಂತು! ನಮ್ಮ ಪದ ಗೊಂದಲವಿಲ್ಲದೆ ಅದೇ ಅರ್ಥ ಕೊಟ್ಟರೆ ಸಾಕು. ಸುಮ್ನೆ ಹಟಕ್ಕೆ ಪದ ಹುಡುಕುತ್ತಿದ್ದಾನೆ ಅಂದುಕೊಳ್ಳಬೇಡಿ ಅಂತ ಇಷ್ಟು ಹೇಳಿದೆ.

ಇನ್ನೊಂದು ಪದ ‘ಐಸೊಟೈಪ್’. ಒಂದೇ ಸಲ ಒಬ್ಬರೇ ಕೊಯ್ದ ಗಿಡವನ್ನು ನಾಲ್ಕೈದು ಹಾಳೆ ಮಾಡಿ ಬೇರೆ ಬೇರೆ ಊರಿಗೆ ಕಳಿಸುತ್ತಾರೆ. ಅದರಲ್ಲಿ ಒಂದು ಟೈಪ್ ಆದರೆ ಉಳಿದವು ಐಸೊಟೈಪ್. 1840ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಮೆಟ್ಜ್ ನಮ್ಮ ಕರಾವಳಿಯಲ್ಲಿ ಗಿಡ ಒಣಗಿಸಿ ಕಳಿಸಿದರು. ಹೋಹೆನಾಕರ್ ಅವನ್ನು ಸೆಟ್ ಮಾಡಿ ಯುರೋಪಿನಲ್ಲಿ ಮಾರಿದರು. ಕಿಟೆಲ್ ನಿಘಂಟು ಕೊಟ್ಟ ಅದೇ ಮಿಶನ್. ಇಂಥ ಜೊತೆ ಹಾಳೆಗಳನ್ನು ‘ನಕಲು’ ಅನ್ನುವವರಿದ್ದಾರೆ. ನನಗೆ ಅದು ಸಿಟ್ಟು ಬರಿಸುತ್ತದೆ. ನಕಲು ಅಂದರೆ ಅಸಲಿಗಿಂತ ಕಡಿಮೆ. 1943ರ ಮಾರ್ಚ್ ಮೊದಲಲ್ಲಿ ಬಾಂಬ್ ಬಿದ್ದು ಬರ್ಲಿನ್ ಹರ್ಬೇರಿಯಂನ ಬಹುಪಾಲು ಸುಟ್ಟುಹೋಯಿತು. ಅಲ್ಲಿದ್ದ ಎಷ್ಟೋ ಟೈಪ್‌ಗಳ ಜಾಗದಲ್ಲಿ ಈಗ ನಿಂತಿರುವುದು ಬೇರೆ ಊರುಗಳಲ್ಲಿ ಉಳಿದುಕೊಂಡ ಈ ‘ನಕಲು’ಗಳೇ. ಒಡಹುಟ್ಟು ಇದ್ದ ಹಾಗೆ ‘ಒಡಹಾಳೆ’ ಅಂದರೆ ಹೇಗೆ? ಒಂದೇ ಕೊಯ್ಲಿನವು ಅನ್ನುವುದು ಅದರಲ್ಲಿ ಬರುತ್ತದೆ.

ಇಷ್ಟಾಗಿ ನಾನು ಸದ್ಯಕ್ಕೆ ನಿಂತಿರುವುದು ‘ಆಧಾರ ಹಾಳೆ’ ಹತ್ತಿರ. ಹಾಳೆ ಅಂದರೆ ಗಿಡ ಅಂಟಿಸಿದ್ದಕ್ಕೂ ಆಯಿತು, ಅಚ್ಚಾದ ಚಿತ್ರಕ್ಕೂ ಆಯಿತು. ಲೆಕ್ಟೊಟೈಪ್‌ಗೆ ‘ಗೊತ್ತುಪಡಿಸಿದ ಆಧಾರ ಹಾಳೆ’. ಉದ್ದ ಆಯಿತು, ಒಪ್ಪುತ್ತೇನೆ. ಆದರೆ ಇದನ್ನು ಓದಿದ ನನ್ನ ಚಿಕ್ಕಪ್ಪ, ಅಡಿಕೆ ತೋಟದವರು, ಒಂದೇ ಪ್ರಶ್ನೆ ಕೇಳಿದರು: “ಅಡಿಕೆ ಮರದ ಆಧಾರ ಹಾಳೆ ಅಂದ್ರೆ ನಾನು ಏನಂತ ತಿಳ್ಕೊಳ್ಳಲಿ ಮಾರಾಯ, ಟೊಪ್ಪಿ ಮಾಡೋದಾ?”

ಅದಕ್ಕೇ ಕೇಳುತ್ತಿರುವುದು. ‘ಹಾಳೆ’ ಬಿಟ್ಟು ‘ಹೆಸರಾಧಾರ’ ಅಂದರೆ ಒಪ್ಪುತ್ತೀರಾ? ಒಂದೇ ಸಲ ಕೊಯ್ದದ್ದನ್ನು ಭಾಗ ಮಾಡಿ ಹಂಚಿದರೆ ಆ ಭಾಗಗಳಿಗೆ ನಿಮ್ಮ ಊರಲ್ಲಿ ಬೇರೆ ಪದ ಇದೆಯಾ? ಗ್ರಂಥಸಂಪಾದನೆ ಗೊತ್ತಿರುವವರು ‘ಆಧಾರ ಪ್ರತಿ’ಯನ್ನೇ ಗಿಡಕ್ಕೂ ಎಳೆಯಬಹುದು ಅನ್ನುತ್ತೀರಾ? ಲೇಬಲ್‌ಗಳು ಮುಂದಿನ ಶುಕ್ರವಾರ ಪ್ರಿಂಟಿಗೆ ಹೋಗುತ್ತವೆ. ಆ ಒಂದು ಹಾಳೆಯ ಲೇಬಲ್ ಮಾತ್ರ ಸದ್ಯಕ್ಕೆ ಪೆನ್ಸಿಲ್‌ನಲ್ಲಿದೆ.