ನೆಟ್ ಸಿಗದ ಊರಲ್ಲಿ ಯುಪಿಐ ಮಾಡೋದು ಹೇಗೆ?

ಪ್ರಶ್ನೆ: ಶಿರಸಿ-ಕುಮಟಾ ಘಟ್ಟದ ಬದಿಯ ಹಳ್ಳಿ. ಮಾತಿಗೆ ಸಿಗ್ನಲ್ ಇದೆ, ನೆಟ್ ಇಲ್ಲ. ಅಪ್ಪಯ್ಯನ ಕೀಪ್ಯಾಡ್ ಫೋನಿನಿಂದ ಅಡಿಕೆ ಕೊನೆ ಕೊಯ್ಯುವವರಿಗೆ ಹಣ ಹಾಕಬಹುದಾ?

ಉತ್ತರ 1: ಹಾಕಬಹುದು. ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ *99# ಒತ್ತಿ. ಮೊದಲ ಸಲ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟು ಪಿನ್ ಮಾಡಿಕೊಳ್ಳಬೇಕು. ಆಮೇಲೆ 1 ಒತ್ತಿದರೆ ಹಣ ಕಳಿಸುವ ಮೆನು. ಒಂದು ಸಲಕ್ಕೆ ₹5,000 ಮಿತಿ.

ಉತ್ತರ 2: ಮೆನುವಿಗೆ ಸಮಯದ ಮಿತಿಯಿದೆ, ತಡವಾದರೆ ಕಡಿದುಹೋಗುತ್ತದೆ. ಪಡೆಯುವವರ ನಂಬರು ಮೊದಲೇ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ಕಡಿದರೆ ದಯವಿಟ್ಟು ಕೂಡಲೇ ಮತ್ತೆ ಕಳಿಸಬೇಡಿ, ಎರಡು ಸಲ ಹೋಗಿಬಿಡಬಹುದು. ಮೊದಲು ಬ್ಯಾಲೆನ್ಸ್ ನೋಡಿ. ನಿಮ್ಮ ಖಾತೆಯಿಂದ ಹಣ ಕಡಿತವಾಗಿ ಅವರ ಖಾತೆಗೆ ಜಮಾ ಆಗದಿದ್ದರೆ, ಆರ್‌ಬಿಐ ನಿಯಮದಂತೆ ಮರುದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ.

ಉತ್ತರ 3: ಕೆನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆ ಬೆಳೆದದ್ದೂ ಇಂಥ ಸಾದಾ ಫೋನಿನಲ್ಲೇ. ಅಲ್ಲಿ ಏಜೆಂಟ್ ಅಂಗಡಿಯಲ್ಲೇ ನಗದು ಸಿಗುತ್ತದೆ. ನಮ್ಮಲ್ಲಿ ಆ ಕೆಲಸಕ್ಕೆ ಬ್ಯಾಂಕ್ ಮಿತ್ರರಿದ್ದಾರೆ, ಆಧಾರ್ ಮತ್ತು ಬೆರಳಚ್ಚು ಸಾಕು. ಪಿನ್ ಮಾತ್ರ ಅವರಿಗೂ ಹೇಳಬಾರದು ಮಾರಾಯ್ರೆ.